ತಪ್ಪಿದ ದಿನದ ಮರುದಿನ

ವಿಶ್ವಾಮಿತ್ರ ಎಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವವಳು ಮೇನಕೆ. ಗಾಯತ್ರಿ ಮಂತ್ರದ ದ್ರಷ್ಟಾರ ಅವನು, ತ್ರಿಶಂಕುವಿಗಾಗಿ ಬೇರೆ ನಕ್ಷತ್ರಗಳನ್ನೇ ಸೃಷ್ಟಿಸಿದವನು, ರಾಮಲಕ್ಷ್ಮಣರಿಗೆ ಅಸ್ತ್ರವಿದ್ಯೆ ಕೊಟ್ಟ ಗುರು. ಇಷ್ಟಿದ್ದರೂ ಅವನು ಜಾರಿದ ಒಂದು ಪ್ರಸಂಗವೇ ಊರಿಗೆಲ್ಲ ಬಾಯಿಪಾಠ. ರಾಜಾ ರವಿವರ್ಮನ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಮೊದಲ ಚಿತ್ರವೂ ಶಕುಂತಲೆಯ ಜನನದ್ದೇ. ಮೇನಕೆ ಮಗುವನ್ನೆತ್ತಿಕೊಂಡು ನಿಂತಿದ್ದಾಳೆ, ಋಷಿ ಕೈ ಅಡ್ಡ ಹಿಡಿದು ಮುಖ ತಿರುಗಿಸಿದ್ದಾನೆ. ಹಳೆಯ ಮನೆಗಳ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಗಾಜು ಹಾಕಿಸಿಕೊಂಡು ತೂಗಿದ ಚಿತ್ರಗಳಲ್ಲಿ ಅದೂ ಒಂದು. ಕಥೆ ಅಲ್ಲಿಗೇ ಮುಗಿಯಿತೇನೋ ಎಂಬಂತೆ ನಾವೂ ಅಲ್ಲಿಗೇ ನಿಂತುಬಿಟ್ಟಿದ್ದೇವೆ.

ವಾಲ್ಮೀಕಿ ಅಲ್ಲಿಗೆ ನಿಲ್ಲಿಸಿಲ್ಲ. ಬಾಲಕಾಂಡದಲ್ಲಿ ಶತಾನಂದ ಹೇಳುವ ವಿಶ್ವಾಮಿತ್ರನ ಕಥೆಯನ್ನು ನಿಧಾನವಾಗಿ ಓದಿ ನೋಡಬೇಕು. ವಸಿಷ್ಠನ ಎದುರು ಸೋತ ಅರಸ ಮೊದಲು ದಕ್ಷಿಣ ದಿಕ್ಕಿಗೆ ಹೋಗಿ ತಪಸ್ಸಿಗೆ ಕೂತ. ಗಳಿಸಿದ್ದೆಲ್ಲ ತ್ರಿಶಂಕುವಿನ ಹಠಕ್ಕೆ ಖರ್ಚಾಯಿತು. ಅಲ್ಲಿಂದೆದ್ದು ಪಶ್ಚಿಮಕ್ಕೆ, ಪುಷ್ಕರಕ್ಕೆ ಹೋದ. ಅಲ್ಲಿಗೆ ಮೇನಕೆ ಬಂದಳು. ಹತ್ತು ವರ್ಷ ಒಂದು ಹಗಲು ಒಂದು ರಾತ್ರಿಯ ಹಾಗೆ ಕಳೆದವು. ಎಚ್ಚರವಾದಾಗ ಅವನಿಗೆ ನಾಚಿಕೆಯಾಯಿತು, ದುಃಖವಾಯಿತು. ಎದುರಿಗೆ ಮೇನಕೆ ನಡುಗುತ್ತ ಕೈಮುಗಿದು ನಿಂತಿದ್ದಳು. ಅವಳನ್ನು ಅವನು ಶಪಿಸಲಿಲ್ಲ. ಒಳ್ಳೆಯ ಮಾತನಾಡಿ ಕಳಿಸಿಕೊಟ್ಟು ಉತ್ತರಕ್ಕೆ, ಕೌಶಿಕೀ ನದಿಯ ದಡಕ್ಕೆ ಹೋಗಿ ಮತ್ತೆ ಕೂತ. ಅಲ್ಲಿಗೆ ಇಂದ್ರ ರಂಭೆಯನ್ನು ಕಳಿಸಿದ. ಈ ಸಲ ಕಾಮ ಗೆಲ್ಲಲಿಲ್ಲ, ಕೋಪ ಗೆದ್ದಿತು. ರಂಭೆಗೆ ಕಲ್ಲಾಗೆಂದು ಶಾಪ ಕೊಟ್ಟ. ಕೊಟ್ಟ ಮರುಗಳಿಗೆಯೇ ತಪಸ್ಸು ಮತ್ತೆ ಕರಗಿತೆಂದು ಮರುಗಿದ. ಇನ್ನು ಸಿಟ್ಟಾಗುವುದಿಲ್ಲ, ಮಾತೇ ಆಡುವುದಿಲ್ಲ ಎಂದು ನಿಶ್ಚಯಿಸಿ ಪೂರ್ವಕ್ಕೆ ಹೊರಟ. ಬಹುಕಾಲದ ವ್ರತ ಮುಗಿದು ಇನ್ನೇನು ಊಟಕ್ಕೆ ಕೂರಬೇಕು, ಆಗ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಅನ್ನ ಬೇಡಿದ. ಇದ್ದುದೆಲ್ಲವನ್ನೂ ಕೊಟ್ಟು ವಿಶ್ವಾಮಿತ್ರ ಒಂದು ಮಾತನ್ನೂ ಆಡದೆ ಉಪವಾಸವೇ ಉಳಿದ. ಕೊನೆಗೆ ಯಾರ ಮೇಲಿನ ಹಗೆಯಿಂದ ಇದೆಲ್ಲ ಶುರುವಾಗಿತ್ತೋ ಆ ವಸಿಷ್ಠನ ಬಾಯಿಂದಲೇ ‘ಬ್ರಹ್ಮರ್ಷಿ’ ಎನ್ನಿಸಿಕೊಂಡ.

ನಾಲ್ಕು ದಿಕ್ಕು ಸುತ್ತಿದ ಮನುಷ್ಯ ಅವನು. ಪ್ರತಿಸಲ ಜಾರಿದಾಗಲೂ ‘ನನ್ನಿಂದ ಆಗದು, ರಾಜ್ಯಕ್ಕೇ ಹೋಗುತ್ತೇನೆ’ ಎನ್ನಬಹುದಿತ್ತು. ಅರಮನೆ ಇತ್ತು, ಸಿಂಹಾಸನ ಇತ್ತು. ಹೋಗಲಿಲ್ಲ. ಜಾರಿದ ಜಾಗದಲ್ಲೇ ಮತ್ತೆ ಕೂರಲೂ ಇಲ್ಲ. ಎಲ್ಲಿ, ಯಾವುದರಿಂದ ಜಾರಿದೆ ಎಂದು ನೋಡಿಕೊಂಡ, ಜಾಗ ಬದಲಿಸಿದ, ನಿಯಮವನ್ನು ಇನ್ನಷ್ಟು ಸ್ಪಷ್ಟ ಮಾಡಿಕೊಂಡ. ನಮ್ಮ ಪುರಾಣಗಳಲ್ಲಿ ಎಂದೂ ತಪ್ಪದ ತಪಸ್ವಿಗಳು ಬೇಕಾದಷ್ಟಿದ್ದಾರೆ. ಸಿಗರೇಟು ಬಿಡಲು ಒದ್ದಾಡುವವನಿಗೆ, ಮಕ್ಕಳ ಮೇಲೆ ಕೈಯೆತ್ತುವುದಿಲ್ಲವೆಂದು ಆಣೆಯಿಟ್ಟು ಮತ್ತೆ ಎತ್ತಿದ ತಾಯಿಗೆ, ಓದಲು ಕೂತು ಮೂರನೇ ವಾರ ಎದ್ದುಹೋದ ಹುಡುಗನಿಗೆ ಅವರಿಂದ ಏನೂ ಸಿಗುವುದಿಲ್ಲ. ಸಿಗುವುದಿದ್ದರೆ ವಿಶ್ವಾಮಿತ್ರನಿಂದ.

ಇದೇ ಮಾತಿಗೆ ಧರ್ಮರಾಯನನ್ನೂ ಸೇರಿಸಿಕೊಳ್ಳಬಹುದು. ಜೂಜಿನಲ್ಲಿ ರಾಜ್ಯ, ತಮ್ಮಂದಿರು, ತಾನು, ದ್ರೌಪದಿ ಎಲ್ಲ ಹೋದದ್ದು ನಮಗೆ ಗೊತ್ತು. ದ್ರೌಪದಿಯ ದೆಸೆಯಿಂದ ಅದೆಲ್ಲ ಮರಳಿ ಬಂದಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಧೃತರಾಷ್ಟ್ರ ಕೊಟ್ಟ ವರದಿಂದ ಎಲ್ಲವನ್ನೂ ಪಡೆದು ಇಂದ್ರಪ್ರಸ್ಥದ ದಾರಿ ಹಿಡಿದವನನ್ನು ಅರ್ಧ ದಾರಿಯಲ್ಲಿ ಮತ್ತೆ ಕರೆದರು. ಮತ್ತೆ ಹೋದ, ಮತ್ತೆ ಕೂತ, ಮತ್ತೆ ಸೋತ. ಅದೇ ಅನುದ್ಯೂತ, ಎರಡನೇ ಜೂಜು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ತಂದದ್ದು ಈ ಎರಡನೆಯದು. ಪೆಟ್ಟು ತಿಂದ ನೋವು ಇನ್ನೂ ಆರದಿರುವಾಗಲೇ ಮತ್ತೆ ಅಲ್ಲಿಗೇ ಹೋಗುವುದಿದೆಯಲ್ಲ, ಮನುಷ್ಯನ ಈ ಸ್ವಭಾವವನ್ನು ವ್ಯಾಸರು ಇದ್ದದ್ದು ಇದ್ದ ಹಾಗೆ ಹೇಳಿದ್ದಾರೆ.

ಕಾಡಿನಲ್ಲಿ ಧರ್ಮರಾಯ ಕುಗ್ಗಿ ಕೂತಿದ್ದಾಗ ಬೃಹದಶ್ವ ಎಂಬ ಋಷಿ ಬರುತ್ತಾನೆ. ‘ನನ್ನಷ್ಟು ದುರದೃಷ್ಟದ ಅರಸ ಬೇರೆ ಯಾರಿದ್ದಾನೆ’ ಎಂಬುದು ಧರ್ಮರಾಯನ ಪ್ರಶ್ನೆ. ಋಷಿ ಉಪದೇಶಕ್ಕಿಳಿಯುವುದಿಲ್ಲ, ಜೂಜಿನಲ್ಲೇ ಎಲ್ಲ ಕಳೆದುಕೊಂಡ ನಳನ ಕಥೆ ಹೇಳುತ್ತಾನೆ. ನಮ್ಮ ಕನಕದಾಸರು ‘ನಳಚರಿತ್ರೆ’ ಬರೆದು ಕನ್ನಡದ ಮನೆಮನೆಗೆ ಮುಟ್ಟಿಸಿದ ಕಥೆ ಅದೇ. ಕಥೆ ಮುಗಿದ ಮೇಲೆ ಬೃಹದಶ್ವ ಧರ್ಮರಾಯನಿಗೆ ಅಕ್ಷಹೃದಯವನ್ನು, ಅಂದರೆ ದಾಳದ ಒಳಮರ್ಮವನ್ನು, ಕಲಿಸಿಕೊಡುತ್ತಾನೆ. ಮುಂದೆ ವಿರಾಟನ ಆಸ್ಥಾನದಲ್ಲಿ ಧರ್ಮರಾಯ ಕಂಕನೆಂಬ ಹೆಸರಿನಲ್ಲಿ ರಾಜನ ಜೊತೆ ಪಗಡೆಯಾಡುತ್ತಲೇ ಒಂದು ವರ್ಷ ಕಳೆಯುತ್ತಾನೆ. ಆ ವರ್ಷ ದಾಳ ಅವನ ಕೈಯಲ್ಲಿತ್ತು, ಅವನು ದಾಳದ ಕೈಯಲ್ಲಿರಲಿಲ್ಲ. ಬಿದ್ದವನಿಗೆ ಮೊದಲು ಬೇಕಾದದ್ದು ತನ್ನಂತೆ ಬಿದ್ದು ಎದ್ದವನೊಬ್ಬನ ಕಥೆ, ಆಮೇಲೆ ತಾನು ಬೀಳುವುದರ ಮರ್ಮ. ಈ ಎರಡನ್ನು ಇದೇ ಕ್ರಮದಲ್ಲಿ ಕೊಟ್ಟ ಆ ಋಷಿಯ ಬುದ್ಧಿಗೆ ನಮಸ್ಕಾರ ಹೇಳಬೇಕು.

ನಾವು ಮನೆಯಲ್ಲಿ ಬಿದ್ದವರಿಗೆ ಕೊಡುವುದೇನು? ಗಾದೆ. ‘ಹುಟ್ಟುಗುಣ ಸುಟ್ಟರೂ ಹೋಗದು.’ ‘ನಾಯಿ ಬಾಲ ಡೊಂಕು.’ ಜೊತೆಗೆ ‘ಇವನದು ಯಾವಾಗಲೂ ಆರಂಭಶೂರತನ’ ಎಂಬ ಒಂದು ಬಿರುದು. ಬೆಳಗಿನ ವಾಕಿಂಗ್ ಬಿಟ್ಟುಹೋದ ಗಂಡನಿಗೆ ಹೆಂಡತಿ, ಮತ್ತೆ ಸಿಡುಕಲು ತೊಡಗಿದ ಅತ್ತೆಗೆ ಸೊಸೆ, ಮತ್ತೆ ಮೊಬೈಲ್ ಹಿಡಿದ ಮಗನಿಗೆ ಅಪ್ಪ, ಎಲ್ಲರೂ ಹೇಳುವುದು ಒಂದೇ ಮಾತು: ‘ನನಗೆ ಮೊದಲೇ ಗೊತ್ತಿತ್ತು.’ ಈ ಮಾತಿನಷ್ಟು ಕೆಟ್ಟ ಮಾತು ಮನೆಯೊಳಗೆ ಇನ್ನೊಂದಿಲ್ಲ. ಕೇಳಿದವನಿಗೆ ತಾನು ಇಷ್ಟು ದಿನ ಪಟ್ಟ ಪಾಡು ಯಾರ ಲೆಕ್ಕದಲ್ಲೂ ಇರಲಿಲ್ಲ ಅನ್ನಿಸುತ್ತದೆ. ಎಲ್ಲರೂ ಕಾದದ್ದು ತಾನು ಬೀಳುವುದಕ್ಕೇ ಎನ್ನಿಸಿದವನು ಏಳುವುದಾದರೂ ಯಾರಿಗಾಗಿ?

ಹೊರಗಿನ ಮಾತು ಹೀಗಾದರೆ ಒಳಗಿನ ಮಾತು ಇದಕ್ಕಿಂತ ಕೆಟ್ಟದ್ದು. ಸಕ್ಕರೆ ಕಾಯಿಲೆಯವರೊಬ್ಬರು ನಾಲ್ಕು ತಿಂಗಳು ಬಾಯಿ ಕಟ್ಟಿ ಮದುವೆಮನೆಗೆ ಹೋಗುತ್ತಾರೆ. ಬಡಿಸುವವರು ಎಲೆಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಬಿಡುತ್ತಾರೆ. ಬೇಡವೆನ್ನುವಷ್ಟರಲ್ಲಿ ಬಿದ್ದಾಗಿದೆ, ಎಲೆಯಲ್ಲಿ ಬಿಡುವುದು ಹೇಗೆಂದು ತಿಂದೂ ಆಗಿದೆ. ಅಲ್ಲಿಗೆ ನಿಂತಿದ್ದರೆ ಆದದ್ದು ಒಂದು ಹೋಳಿಗೆಯಷ್ಟೇ ಹಾನಿ. ಆದರೆ ‘ಹೇಗೂ ಇವತ್ತು ಕೆಟ್ಟಿತು’ ಎಂಬ ಮಾತು ಒಳಗಿನಿಂದ ಏಳುತ್ತದೆ. ಆ ಮಾತಿನ ಬೆನ್ನಿಗೇ ಎರಡನೇ ಹೋಳಿಗೆ, ಲಾಡು, ಪಾಯಸ. ಸಂಜೆಗೆ ಕಾಫಿಗೆ ಎರಡು ಚಮಚ ಸಕ್ಕರೆ. ಮರುದಿನ ‘ಇನ್ನು ಮುಂದಿನ ತಿಂಗಳಿಂದ ನೋಡೋಣ.’ ಡಾಕ್ಟರು ಬರೆದುಕೊಡುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು. ಒಂದು ಮಧ್ಯಾಹ್ನದ ಹೋಳಿಗೆಯಿಂದ ಆ ಅಂಕಿ ಅಷ್ಟೇನೂ ಅಲುಗುವುದಿಲ್ಲ. ಅದನ್ನು ಅಲುಗಿಸುವುದು ಹೋಳಿಗೆಯ ನಂತರದ ಮೂವತ್ತು ದಿನ.

ಇದನ್ನು ಮನಶ್ಶಾಸ್ತ್ರದವರು ಪ್ರಯೋಗ ಮಾಡಿಯೇ ನೋಡಿದ್ದಾರೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬಿಬ್ಬರು ಅಮೆರಿಕದಲ್ಲಿ ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡಿ ಹೇಳಿ ಎಂದು ಐಸ್‌ಕ್ರೀಂ ಮುಂದಿಟ್ಟರು. ಊಟಕ್ಕೆ ಕಟ್ಟುಪಾಡು ಇಟ್ಟುಕೊಳ್ಳದವರು ಹೊಟ್ಟೆ ತುಂಬಿದಷ್ಟೂ ಕಡಿಮೆ ತಿಂದರು. ಪಥ್ಯದ ಕಟ್ಟುಪಾಡಿನಲ್ಲಿದ್ದವರು ಮಿಲ್ಕ್‌ಶೇಕ್ ಕುಡಿದ ಮೇಲೆಯೇ ಹೆಚ್ಚು ತಿಂದರು. ಕಟ್ಟು ಒಮ್ಮೆ ಮುರಿಯಿತು, ಇನ್ನು ಕಾಯುವುದೇನಿದೆ ಎಂಬುದೇ ಅದರ ಕಾರಣ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಎಂಬ ವಿದ್ವಾಂಸರು ಇದನ್ನೇ ಕುಡಿತದ ವಿಷಯದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ಅವರು ತಂದ ಪುಸ್ತಕ ಈ ಕ್ಷೇತ್ರದಲ್ಲಿ ದುಡಿಯುವವರಿಗೆಲ್ಲ ಇಂದಿಗೂ ಆಧಾರಗ್ರಂಥ. ಒಂದು ಸಲ ತಪ್ಪುವುದು ಬೇರೆ, ಹಳೆಯ ದಾರಿಗೇ ಪೂರ್ತಿ ಮರಳುವುದು ಬೇರೆ ಎಂದು ಅವರು ಗೆರೆ ಎಳೆದು ತೋರಿಸಿದರು. ಮೊದಲನೆಯದನ್ನು ಎರಡನೆಯದಾಗಿ ಮಾಡುವುದು ಬಹುಮಟ್ಟಿಗೆ ನಡುವೆ ಬರುವ ‘ನಾನು ಇಷ್ಟೇ, ನನ್ನ ಯೋಗ್ಯತೆಯೇ ಇಷ್ಟು’ ಎಂಬ ತೀರ್ಪು. ಕುಡಿದ ಒಂದು ಲೋಟಕ್ಕಿಂತ ಆ ತೀರ್ಪು ಹೆಚ್ಚು ಹಾಳು ಮಾಡುತ್ತದೆ.

ಈ ತೀರ್ಪಿಗೆ ಇಂಬು ಕೊಡುವ ಇನ್ನೊಂದು ನಂಬಿಕೆ ಈಗೀಗ ಎಲ್ಲೆಲ್ಲೂ ಕೇಳಿಬರುತ್ತಿದೆ: 21 ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬುದು. ಇದರ ಮೂಲ 1960ರಲ್ಲಿ ಬಂದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರ ಪುಸ್ತಕ. ಆತ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು ಆತ ಗಮನಿಸಿದ್ದ. ‘ಕಡಿಮೆಯೆಂದರೂ’ ಎಂಬುದು ಬಾಯಿಂದ ಬಾಯಿಗೆ ಬರುವಾಗ ಉದುರಿಹೋಯಿತು. 2009ರ ಸುಮಾರಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಹಿಂಬಾಲಿಸಿ ನೋಡಿದರು. ತಿಂಡಿಯಾದ ಮೇಲೆ ಒಂದು ಲೋಟ ನೀರು, ಊಟಕ್ಕೆ ಮೊದಲು ಒಂದಿಷ್ಟು ಓಟ, ಇಂಥ ಸಣ್ಣ ಸಣ್ಣ ಅಭ್ಯಾಸಗಳು. ಅದು ತಾನಾಗಿ ಒಗ್ಗುವುದಕ್ಕೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು ಎಂಬ ಲೆಕ್ಕ ಬಂತು. ನಡುವಿನ ಅಂಕಿ 66. ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದೇ ವರದಿಯ ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರುಬಿಡುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೇನೂ ಆಗಲಿಲ್ಲ. ಇಪ್ಪತ್ತನೇ ದಿನ ತಪ್ಪಿತು, ಮತ್ತೆ ಒಂದರಿಂದ ಎಣಿಸಬೇಕು ಎಂದು ತಲೆಗೆ ಕೈಹೊತ್ತು ಕೂತವರಿಗೆ ಈ ಮಾತನ್ನು ಓದಿ ಹೇಳಬೇಕು.

ದಿನದ ಲೆಕ್ಕ ನಮ್ಮಲ್ಲೂ ಇದೆ. ನಲವತ್ತೆಂಟು ದಿನದ ಮಂಡಲ, ಶ್ರಾವಣದ ಒಂದು ತಿಂಗಳು, ಅಯ್ಯಪ್ಪನ ಮಾಲೆಗೆ 41 ದಿನ. ಅಯ್ಯಪ್ಪನ ಮಾಲೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ವರ್ಷವೆಲ್ಲ ಸಂಜೆಯಾದರೆ ಬಾರಿನ ಕಡೆ ಮುಖ ಮಾಡುವ ಆಳು ಕಾರ್ತಿಕದಲ್ಲಿ ಮಾಲೆ ಹಾಕಿಸಿಕೊಂಡರೆ ಮುಗಿಯಿತು. ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ಮಲಗುವುದು. ಒಂದು ತೊಟ್ಟೂ ಮುಟ್ಟುವುದಿಲ್ಲ. ಮಾಲೆ ತೆಗೆದ ವಾರಕ್ಕೆ ಮತ್ತೆ ಅದೇ ಬಾರು. ‘ನೋಡಿ, ಇವರ ಭಕ್ತಿಯೆಲ್ಲ ಇಷ್ಟೇ’ ಎಂದು ಜನ ಆಡಿಕೊಳ್ಳುತ್ತಾರೆ. ನನಗೆ ಹಾಗೆ ಆಡಿಕೊಳ್ಳಲು ಮನಸ್ಸು ಬರುವುದಿಲ್ಲ. ಆ ಮನುಷ್ಯನಿಗೆ 41 ದಿನ ಬಿಡುವ ಶಕ್ತಿ ಇತ್ತು ಎಂಬುದು ಕಣ್ಣಿಗೆ ಕಂಡ ಸತ್ಯ. ಆ ದಿನಗಳಲ್ಲಿ ಹೆಂಡತಿ ಮಕ್ಕಳಿಂದ ಹಿಡಿದು ಬೀದಿಯವರೆಲ್ಲ ಅವನನ್ನು ‘ಸ್ವಾಮಿ’ ಎಂದರು. ಕುಡಿಯುವ ಗೆಳೆಯರು ಕರೆಯಲಿಲ್ಲ. ಸಂಜೆ ಹೊತ್ತಿಗೆ ಭಜನೆ ಇತ್ತು, ಜೊತೆಗೆ ಅದೇ ಬಟ್ಟೆಯ ಹತ್ತು ಜನ ಇದ್ದರು. ಮಾಲೆ ತೆಗೆದ ದಿನ ಇದೆಲ್ಲ ಒಟ್ಟಿಗೇ ಹೋಯಿತು. ಅವನನ್ನು ಎತ್ತಿ ಹಿಡಿದಿದ್ದ ಕೈಗಳೆಲ್ಲ ಒಂದೇ ದಿನ ಸರಿದವು. ಸಂಜೆ ಆರರಿಂದ ಒಂಬತ್ತರವರೆಗೆ ಅವನು ಎಲ್ಲಿರಬೇಕು, ಯಾರ ಜೊತೆ ಇರಬೇಕು ಎಂಬುದಕ್ಕೆ ನಲವತ್ತೆರಡನೇ ದಿನ ಯಾರಾದರೂ ಒಂದು ಏರ್ಪಾಡು ಮಾಡಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಮಾರ್ಲಟ್ ಅವರ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಬಿಟ್ಟವರು ಯಾವಾಗ ಮತ್ತೆ ತಪ್ಪುತ್ತಾರೆ ಎಂದು ಅವರು ಒಂದೊಂದೇ ಪ್ರಸಂಗವನ್ನು ಹೆಕ್ಕಿ ನೋಡಿದಾಗ ಮುಕ್ಕಾಲಿಗೆ ಹತ್ತಿರದಷ್ಟು ಪ್ರಸಂಗಗಳು ಮೂರೇ ಸಂದರ್ಭಗಳಲ್ಲಿ ಅಡಗಿದ್ದವು: ಮನಸ್ಸು ಕೆಟ್ಟಾಗ, ಯಾರ ಜೊತೆಗಾದರೂ ಜಗಳವಾದಾಗ, ಜೊತೆಯವರು ‘ಒಂದೇ ಒಂದು’ ಎಂದು ಬಲವಂತ ಮಾಡಿದಾಗ. ಅಂದರೆ ಬೀಳುವುದಕ್ಕೂ ಒಂದು ವೇಳೆ ಇದೆ, ಜಾಗ ಇದೆ, ಜನ ಇದ್ದಾರೆ. ಅವರವರ ವೇಳೆ, ಜಾಗ, ಜನ ಅವರವರಿಗೆ ಗೊತ್ತಿದ್ದರೆ ಅದೇ ಅಕ್ಷಹೃದಯ.

ನಮ್ಮ ಬಡಾವಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಇದೆ. ಮುಂದೆ ಟೀ ಕ್ಯಾನು, ಬಾಟಲಿಗಳಲ್ಲಿ ಬಿಸ್ಕೆಟ್ಟು, ಕಡಲೆಮಿಠಾಯಿ, ಮೇಲೆ ಸರವಾಗಿ ನೇತಾಡುವ ಸ್ಯಾಷೆಗಳು, ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರು. ನಿವೃತ್ತ ಮೇಷ್ಟ್ರೊಬ್ಬರು ಅಲ್ಲಿಗೆ ದಿನಾ ಬರುತ್ತಾರೆ. ಮೂವತ್ತು ವರ್ಷ ಸೇದಿದ ಸಿಗರೇಟನ್ನು ಕಳೆದ ವರ್ಷ ಬಿಟ್ಟರು. ಒಡಹುಟ್ಟಿದ ತಮ್ಮ ತೀರಿಕೊಂಡ ದಿನ ಸ್ಮಶಾನದಿಂದ ಬಂದವರು ಒಂದನ್ನು ಹಚ್ಚಿದರು. ಎರಡು ದಿನ ಬಿಟ್ಟು ಬೆಳಗ್ಗೆ ಅಂಗಡಿಗೆ ಬಂದು, ಯಾರ ಮುಖವನ್ನೂ ನೋಡದೆ, ‘ಕೊಡಪ್ಪ ಒಂದು’ ಎಂದು ಕೈ ಚಾಚಿದರು. ಅಂಗಡಿಯವನಿಗೆ ಮಾರುವುದೇ ಕಸುಬು. ಅವನು ಪ್ಯಾಕಿನ ಕಡೆ ಕೈ ಹಾಕಲಿಲ್ಲ. ‘ಮೇಷ್ಟ್ರೇ, ಮೊನ್ನೆ ಒಂದು ಸೇದಿದ್ರಿ. ಅದು ಮೊನ್ನೆಗೇ ಆಯ್ತು. ಇವತ್ತು ಟೀ ಕುಡೀರಿ’ ಎಂದು ಲೋಟ ತುಂಬಿಸಿ ಕೈಗಿಟ್ಟ. ಮೇಷ್ಟ್ರು ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ‘ಆಯ್ತಪ್ಪ’ ಎಂದು ಕುಡಿದು ಹೋದರು. ಹತ್ತಿರ ನಿಂತು ಇದನ್ನು ನೋಡಿದ ನನಗೆ, ಮಾರ್ಲಟ್ ಅವರ ದಪ್ಪ ಪುಸ್ತಕದ ಸಾರವನ್ನು ಆ ಅಂಗಡಿಯವನು ಮೂರು ಮಾತಿನಲ್ಲಿ ಹೇಳಿದ ಅನ್ನಿಸಿತು. ‘ಅದು ಮೊನ್ನೆಗೇ ಆಯ್ತು’ ಎಂದು ಹೇಳುವವರು ಒಬ್ಬರಾದರೂ ಇದ್ದರೆ ಮನುಷ್ಯ ಎದ್ದು ನಿಲ್ಲುತ್ತಾನೆ.

ಹಿರಿಯರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಸಂಧ್ಯಾವಂದನೆ ಮಾಡುವವರು ಸೂರ್ಯನಿಗೆ ಅರ್ಘ್ಯ ಕೊಟ್ಟ ಮೇಲೆ ವೇಳೆ ಮೀರಿದ್ದಕ್ಕೆ ಪ್ರಾಯಶ್ಚಿತ್ತವೆಂದು ಇನ್ನೊಂದು ಅರ್ಘ್ಯ ಕೊಡುತ್ತಾರೆ. ವಿಧಿ ಬರೆದವರಿಗೇ ಗೊತ್ತಿತ್ತು, ಮನುಷ್ಯ ತಡಮಾಡುತ್ತಾನೆಂದು. ಜೈನ ಮುನಿಗಳ ಆರು ಆವಶ್ಯಕಗಳಲ್ಲಿ ಪ್ರತಿಕ್ರಮಣವೂ ಒಂದು: ಆದ ತಪ್ಪನ್ನು ನೆನೆದು, ಒಪ್ಪಿ, ಅದರಿಂದ ಹಿಂದಿರುಗುವುದು. ಬೌದ್ಧ ಭಿಕ್ಷುಗಳು ಹುಣ್ಣಿಮೆ ಅಮಾವಾಸ್ಯೆಗಳಂದು ಸೇರಿ ನಿಯಮಗಳನ್ನು ಪಠಿಸುವ ಮೊದಲು ತಪ್ಪಿದ್ದನ್ನು ಹೇಳಿಕೊಳ್ಳುತ್ತಾರೆ. ರಂಜಾನಿನಲ್ಲಿ ಕಾಯಿಲೆಯಿಂದಲೋ ಪ್ರಯಾಣದಿಂದಲೋ ಬಿಟ್ಟುಹೋದ ಉಪವಾಸವನ್ನು ಮುಂದೆ ಬೇರೆ ದಿನ ಹಿಡಿದು ತುಂಬಿಕೊಡಬೇಕೆಂಬ ನಿಯಮವಿದೆ. ಮಂಗಳೂರಿನ ಕಡೆಯ ಇಗರ್ಜಿಗಳಲ್ಲಿ ಪಾಪನಿವೇದನೆಗೆಂದೇ ಜಾಗ ಇರುತ್ತದೆ. ಬಸವಣ್ಣನವರ ಎಷ್ಟೋ ವಚನಗಳು ತಮ್ಮ ಮನಸ್ಸು ನಿಲ್ಲದೆ ಹರಿದಾಡುವುದನ್ನು ಕೂಡಲಸಂಗಮದೇವನ ಮುಂದೆ ಬಿಚ್ಚಿ ಹೇಳಿಕೊಂಡಂಥವು. ಮತ ಯಾವುದಾದರೂ ಆಗಲಿ, ವ್ರತವನ್ನು ಗಂಭೀರವಾಗಿ ತೆಗೆದುಕೊಂಡವರೆಲ್ಲ ವ್ರತದ ಒಳಗೇ ಮರಳುವ ಬಾಗಿಲೊಂದನ್ನು ಇಟ್ಟಿದ್ದಾರೆ. ಮಂಡ್ಯದ ಕಡೆ ಭತ್ತ ನಾಟಿ ಮಾಡುವ ರೈತ ಗದ್ದೆಗೆ ಬೇಕಾದಷ್ಟೇ ಪೈರನ್ನು ಲೆಕ್ಕಹಾಕಿ ಬೆಳೆಸುವುದಿಲ್ಲ. ಒಂದಿಷ್ಟು ಕೊಳೆಯುತ್ತದೆ, ಒಂದಿಷ್ಟನ್ನು ಏಡಿ ಕತ್ತರಿಸುತ್ತದೆ ಎಂದು ಗೊತ್ತಿದ್ದು ಒಟ್ಲಿನಲ್ಲಿ ಹೆಚ್ಚಿಗೆ ಪೈರು ಇಟ್ಟುಕೊಂಡಿರುತ್ತಾನೆ. ವಾರ ಕಳೆದ ಮೇಲೆ ಹೋಗಿ ಖಾಲಿ ಬಿದ್ದಲ್ಲಿ ನೆಟ್ಟು ಬರುತ್ತಾನೆ. ಬೆಳೆ ತೆಗೆಯುವವನ ಲಕ್ಷಣ ಅದು. ನಮ್ಮ ಈಗಿನ ಸಂಕಲ್ಪಗಳಲ್ಲಿ ಇಲ್ಲದಿರುವುದು ಆ ಹೆಚ್ಚಿಗೆ ಪೈರು.

ಈ ಮಾತಿಗೆ ಲೋಕದಲ್ಲೇ ದೊಡ್ಡ ಉದಾಹರಣೆಯೊಂದಿದೆ. ಕುಡಿತ ಬಿಡಲು ಹೆಣಗುವವರ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘ ಇಂದು ಜಗತ್ತಿನ ಬಹುಪಾಲು ದೇಶಗಳಲ್ಲಿದೆ, ನಮ್ಮ ಊರುಗಳಲ್ಲೂ ಅದರ ಸಭೆಗಳು ನಡೆಯುತ್ತವೆ. ಇದರ ಹುಟ್ಟು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಇನ್ನೂ ಕೆಲವೇ ತಿಂಗಳಾಗಿತ್ತು. ಕೆಲಸದ ಮೇಲೆ ಆಕ್ರನ್‌ಗೆ ಬಂದ, ಕೆಲಸ ಕೆಟ್ಟಿತು. ಹೋಟೆಲಿನ ಬಾರ್ ಕೈಬೀಸಿ ಕರೆಯುತ್ತಿತ್ತು. ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಮಾತ್ರ ತಾನು ಉಳಿಯುತ್ತೇನೆಂದು ಅವನಿಗೆ ತಿಳಿಯಿತು. ಚರ್ಚುಗಳಿಗೆ ಫೋನು ಮಾಡುತ್ತ ಹೋಗಿ ಕೊನೆಗೆ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಭೇಟಿಯಾದ. ಹದಿನೈದು ನಿಮಿಷ ಮಾತ್ರ ಎಂದುಕೊಂಡು ಬಂದ ಡಾಕ್ಟರು ಗಂಟೆಗಟ್ಟಲೆ ಕೂತು, ರಾತ್ರಿ ಹನ್ನೊಂದರ ಮೇಲೆ ಎದ್ದು ಹೋದರು. ಅವತ್ತಿನಿಂದ ಡಾಕ್ಟರು ಕುಡಿತ ಬಿಟ್ಟರು. ಕೆಲವು ವಾರಗಳಾದ ಮೇಲೆ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದವರು ಅಲ್ಲಿ ಮತ್ತೆ ಮೈಮರೆಯುವಷ್ಟು ಕುಡಿದರು.

ವಿಲ್ಸನ್ ಡಾಕ್ಟರನ್ನು ಕೈಬಿಡಲಿಲ್ಲ. ಮನೆಗೆ ಕರೆತಂದು ಸುಧಾರಿಸಿ, ಶಸ್ತ್ರಚಿಕಿತ್ಸೆ ಮಾಡಬೇಕಾಗಿದ್ದ ಬೆಳಗ್ಗೆ ಕೈನಡುಕ ನಿಲ್ಲಲೆಂದು ಒಂದು ಬಿಯರನ್ನು ತಾನೇ ಕೊಟ್ಟ. ಆಪರೇಷನ್ ಮುಗಿಸಿದ ಡಾಕ್ಟರು ನೇರ ಮನೆಗೆ ಬರಲಿಲ್ಲ. ತಮ್ಮ ಕುಡಿತದಿಂದ ನೊಂದವರ ಮನೆಗಳಿಗೆ, ಸಾಲ ಕೊಟ್ಟವರ ಬಳಿಗೆ ಹೋಗಿ ಮಾತಾಡಿ ಬಂದರು. ಆ ಬಿಯರೇ ಅವರ ಕೊನೆಯದು. ಆ ದಿನವನ್ನು 1935ರ ಜೂನ್ 10 ಎಂದು ಎಣಿಸಿ, ಅದನ್ನೇ ಸಂಘ ತನ್ನ ಸ್ಥಾಪನೆಯ ದಿನವಾಗಿ ಆಚರಿಸುತ್ತದೆ. ಇಬ್ಬರೂ ಮೊದಲು ಭೇಟಿಯಾದ ದಿನವನ್ನು ಆಚರಿಸಬಹುದಿತ್ತು. ಹಾಗೆ ಮಾಡದೆ, ಬಿದ್ದವನು ಎದ್ದ ದಿನವನ್ನು ಹುಟ್ಟುಹಬ್ಬ ಎಂದರು. ಡಾಕ್ಟರು 1950ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಮುಟ್ಟಲಿಲ್ಲ.

ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಇಂಥ ಸಾವಿರಕ್ಕೂ ಹೆಚ್ಚು ಶಿಬಿರಗಳು ಆಗಿವೆ. ಶಾಲೆಯದೋ ಸಮುದಾಯ ಭವನದ್ದೋ ಕಟ್ಟಡ, ಎಂಟು ದಿನ, ಊರವರದೇ ಸಮಿತಿ. ಶಿಬಿರದಷ್ಟೇ ಮುಖ್ಯವಾದದ್ದು ಆಮೇಲಿನ ನವಜೀವನ ಸಮಿತಿ. ಬಿಟ್ಟವರು ಒಬ್ಬರಿಗೊಬ್ಬರು ಜೊತೆಯಾಗಿ ಕೂರುವ ಏರ್ಪಾಡು ಅದು. ನಾನು ಮೇಲೆ ಕೇಳಿದ ‘ನಲವತ್ತೆರಡನೇ ದಿನ’ಕ್ಕೆ ಉತ್ತರ ಅಲ್ಲಿದೆ. ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಬುದ್ಧಿಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಅಂಥವರು ಡಾಕ್ಟರ ಸಲಹೆಯಲ್ಲೇ ಬಿಡಬೇಕು. ಮತ್ತೆ ಶುರುವಾದರೂ ಡಾಕ್ಟರ ಬಳಿಗೇ ಹೋಗಬೇಕು. ಸಕ್ಕರೆ ಮತ್ತೆ ಏರಿದಾಗ ಆಸ್ಪತ್ರೆಗೆ ಹೋಗಲು ನಾಚದ ನಾವು ಇದಕ್ಕೆ ನಾಚುವುದು ತಪ್ಪು.

‘ಹೀಗೆ ಹೇಳುತ್ತ ಹೋದರೆ ತಪ್ಪುವವರಿಗೆಲ್ಲ ನೀವೇ ರಹದಾರಿ ಕೊಟ್ಟಂತಾಯಿತಲ್ಲ’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ತಪ್ಪಿಗೆ ಮುಂಚೆ ‘ಒಂದು ದಿನ ತಾನೇ, ಪರವಾಗಿಲ್ಲ’ ಎನ್ನುವುದು ನೆಪ. ತಪ್ಪಾದ ಮೇಲೆ ‘ಒಂದು ದಿನ ತಾನೇ, ನಾಳೆ ಏಳುತ್ತೇನೆ’ ಎನ್ನುವುದು ಧೈರ್ಯ. ಮಾತು ಹೆಚ್ಚುಕಡಿಮೆ ಒಂದೇ. ಹೇಳುವ ಹೊತ್ತು ಬೇರೆ, ಅಷ್ಟರಿಂದಲೇ ಬದುಕು ಬೇರೆಯಾಗುತ್ತದೆ. ಇನ್ನೊಂದು ಗುರುತೂ ಇದೆ. ನೆಪ ಹೇಳುವವನು ತಪ್ಪನ್ನು ಬಚ್ಚಿಡುತ್ತಾನೆ, ಏಳುವವನು ಯಾರಿಗಾದರೂ ಹೇಳುತ್ತಾನೆ. ಗಾಂಧೀಜಿ 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಹಾಲು ಬಿಟ್ಟರು. ಕೆಲವು ವರ್ಷಗಳ ಮೇಲೆ ಆಮಶಂಕೆಯಿಂದ ಸಾವಿನ ಅಂಚಿಗೆ ಹೋಗಿ ಹಾಸಿಗೆ ಹಿಡಿದಾಗ, ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳ ಹಾಲು ತಾನೇ, ಆಡಿನ ಹಾಲು ಕುಡಿಯಬಹುದಲ್ಲ ಎಂದು ಕಸ್ತೂರಬಾ ದಾರಿ ತೋರಿಸಿದರು. ಗಾಂಧೀಜಿ ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಆ ಒಂದು ಕಾರಣಕ್ಕೆ ಉಳಿದ ವ್ರತಗಳನ್ನು ಕೈಬಿಡಲಿಲ್ಲ. ತಪ್ಪನ್ನು ತಪ್ಪು ಎಂದು ಹೇಳಿಯೂ ದಾರಿ ಬಿಡದೆ ನಡೆಯುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ, ಏನಾದರೂ ಬಿಡಬೇಕೆಂದೋ ಹಿಡಿಯಬೇಕೆಂದೋ ಸಂಕಲ್ಪ ಮಾಡುವವರು ಅದರ ಕೆಳಗೆ ಇನ್ನೊಂದು ಸಾಲು ಬರೆದಿಟ್ಟುಕೊಳ್ಳಿ: ‘ತಪ್ಪಿದರೆ ಮರುದಿನ ಬೆಳಗ್ಗೆ ಏನು ಮಾಡುತ್ತೇನೆ, ಯಾರಿಗೆ ಹೇಳುತ್ತೇನೆ.’ ವಾಕಿಂಗ್ ಆದರೆ ಮರುದಿನ ಗೇಟಿನವರೆಗಾದರೂ ಹೋಗಿಬನ್ನಿ. ಸಿಟ್ಟಾದರೆ ಮರುದಿನ ಆ ಮಗುವಿನ ಹತ್ತಿರ ಕೂತು ಕ್ಷಮೆ ಕೇಳಿ. ಸಂಗೀತವಾದರೆ ಸರಳೆ ಒಂದನ್ನಾದರೂ ಹಾಡಿ ಏಳಿ. ಎಲ್ಲಿ ಜಾರಿತೋ ಆ ಜಾಗ, ಆ ವೇಳೆ, ಆ ಜೊತೆಯನ್ನು ಗುರುತುಹಾಕಿಕೊಂಡು ಈ ಸಲ ಬೇರೆ ದಿಕ್ಕು ಹಿಡಿಯಿರಿ. ಒಬ್ಬರೇ ಹೊರಲಾರದಷ್ಟು ಭಾರವೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಮ ಮನೆಯಲ್ಲಿ ಬಿದ್ದು ಎದ್ದು ಹೆಣಗುವವರು ಯಾರಾದರೂ ಇದ್ದರೆ, ದಯವಿಟ್ಟು ‘ನನಗೆ ಮೊದಲೇ ಗೊತ್ತಿತ್ತು’ ಎನ್ನಬೇಡಿ. ‘ನಾಳೆ ಬೆಳಗ್ಗೆ ನಾನೂ ಜೊತೆಗೆ ಬರುತ್ತೇನೆ’ ಎನ್ನಿ. ಹೇಳಿದ ಮೇಲೆ ಎದ್ದು ಹೋಗಿ.